ದನದ ಹಾಲು ಬಿಟ್ಟರೆ ಮತ್ತೇನು?

(ಕಾಸರಗೋಡಿನಲ್ಲಿ ಕನ್ನಡ ಸಭಿಕರ ಮುಂದೆ ಆಡಿದ ಮಾತುಗಳ ಬರಹ ರೂಪ)

"ದನದ ಹಾಲಿನ ಬದಲಿಗೆ ಯಾವುದು ಒಳ್ಳೆಯದು?" ಹಾಲು ಬಿಟ್ಟವರೆಲ್ಲ ಮೊದಲು ಕೇಳುವ ಪ್ರಶ್ನೆ ಇದು. ಇದಕ್ಕೆ ಒಂದೇ ಉತ್ತರ ಹುಡುಕಲು ಹೊರಟರೆ ದಾರಿ ತಪ್ಪುತ್ತದೆ. ಚಾಯಕ್ಕೆ ಹಾಕಿದ ಹಾಲು ಮಾಡುವ ಕೆಲಸ ಬೇರೆ, ಪಾಯಸಕ್ಕೆ ಹಾಕಿದ್ದು ಮಾಡುವ ಕೆಲಸ ಬೇರೆ. ಮೊಸರಾಗಬೇಕಾದ ಹಾಲಿನದ್ದು ಇನ್ನೊಂದು. ಬೆಳೆಯುವ ಮಗುವಿನ ಲೋಟದಲ್ಲಿರುವ ಹಾಲಿನ ಕೆಲಸವಂತೂ ಪೂರ್ತಿ ಬೇರೆ. ಹಾಗಾಗಿ ಮೊದಲು ನೋಡಬೇಕಾದದ್ದು ಆ ಅಡುಗೆಯಲ್ಲಿ ಹಾಲು ಏನು ಮಾಡುತ್ತಿತ್ತು ಎಂಬುದನ್ನು. ಆಮೇಲೆ ಆ ಕೆಲಸ ಯಾವುದರಿಂದ ಆಗುತ್ತದೋ ಅದನ್ನು ಆರಿಸಿಕೊಂಡರಾಯಿತು. ಇವತ್ತು ಹೇಳಬೇಕೆಂದಿರುವುದು ಇಷ್ಟನ್ನೇ, ಆದರೆ ವಿವರವಾಗಿ.

ಅದಕ್ಕೂ ಮೊದಲು, ಹಾಲು ಯಾಕೆ ಬಿಡುತ್ತಿದ್ದೀರಿ ಎಂಬುದು ಸ್ಪಷ್ಟವಾಗಲಿ. ಹಾಲು ಕುಡಿದ ಮೇಲೆ ಹೊಟ್ಟೆ ಉಬ್ಬುವುದು, ಗುಡುಗುಡು, ಭೇದಿ ಆಗುವವರಿಗೆ ಹೆಚ್ಚಾಗಿ ತೊಂದರೆ ಕೊಡುವುದು ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ. ಅದನ್ನು ಜೀರ್ಣಿಸುವ ಲ್ಯಾಕ್ಟೇಸ್ ಎಂಬ ಕಿಣ್ವ ಬಾಲ್ಯ ಕಳೆದ ಮೇಲೆ ಹಲವರಲ್ಲಿ ಕಡಿಮೆಯಾಗುತ್ತದೆ. ದಕ್ಷಿಣ ಭಾರತದವರಲ್ಲಿ ಉತ್ತರದವರಿಗಿಂತ ಹೆಚ್ಚು. ಇಂಥವರು ಹಾಲನ್ನು ಪೂರ್ತಿ ಬಿಡಬೇಕೆಂದೇನೂ ಇಲ್ಲ. ಊಟದ ಜೊತೆ ಸ್ವಲ್ಪ ಹಾಲು, ಚೆನ್ನಾಗಿ ಹುಳಿ ಬಂದ ಮೊಸರು, ಮಜ್ಜಿಗೆ, ತುಪ್ಪ ಹೆಚ್ಚಿನವರಿಗೆ ಆಗುತ್ತದೆ. ಬದಲಿ ಬೇಕಾದದ್ದು ಲೋಟ ತುಂಬ ಕುಡಿಯುವ ಹಾಲಿಗೆ ಮಾತ್ರ.

ಅಲರ್ಜಿಯ ಕಥೆ ಬೇರೆಯೇ. ಅಲ್ಲಿ ಕಾರಣ ಹಾಲಿನ ಪ್ರೋಟೀನ್, ಮುಖ್ಯವಾಗಿ ಕೇಸಿನ್ ಮತ್ತು ಬೀಟಾ ಲ್ಯಾಕ್ಟೋಗ್ಲೋಬ್ಯುಲಿನ್. ಮೈ ತುರಿಸಿ ದಡಿಕೆ ಏಳುವುದು, ವಾಂತಿ, ತುಟಿ ಊದುವುದು, ಉಸಿರು ಕಟ್ಟುವುದು ಇದರ ಲಕ್ಷಣ. ಹಾಲನ್ನು ಎಷ್ಟು ಕುದಿಸಿದರೂ ನಂಬುವ ಹಾಗಿಲ್ಲ. ತುಪ್ಪದಲ್ಲೂ ಪ್ರೋಟೀನಿನ ಅಂಶ ಉಳಿದಿರಬಹುದು. ಅಂಗಡಿಯ ಬಿಸ್ಕತ್ತಿನ ಪೊಟ್ಟಣದ ಹಿಂದೆ ಹಾಲಿನ ಘನಾಂಶ, ವೇ, ಕೇಸಿನೇಟ್ ಎಂದು ಬರೆದಿದ್ದರೆ ಅದೂ ಹಾಲೇ. ಇಂಥವರಿಗೆ ಆಡಿನ ಹಾಲು ಕೊಟ್ಟು ನೋಡೋಣ ಎಂಬ ಪ್ರಯೋಗ ಬೇಡ. ಆಡಿನ ಹಾಲಿನ ಪ್ರೋಟೀನು ದನದ್ದನ್ನೇ ಹೋಲುತ್ತದೆ, ಹೆಚ್ಚಿನವರಿಗೆ ಅದೂ ಆಗುವುದಿಲ್ಲ.

ಇಲ್ಲಿ ನಮ್ಮ ಊರಿನದ್ದೇ ಒಂದು ಮಾತು ಬರುತ್ತದೆ. "ಪೇಟೆಯ ಹಾಲು ಆಗುವುದಿಲ್ಲ, ಊರ ದನದ ಹಾಲು ಆದೀತು" ಎಂದು ಹಲವರು ನಂಬಿದ್ದಾರೆ. ಕಾಸರಗೋಡು ಗಿಡ್ಡ ತಳಿ ನಮ್ಮ ಹೆಮ್ಮೆ. ನಮ್ಮ ಮಳೆಯನ್ನೂ ಸೆಕೆಯನ್ನೂ ತಡೆದುಕೊಂಡು, ಗುಡ್ಡದ ಹುಲ್ಲು ಮೇದು ಬದುಕುವ ಜಾನುವಾರು ಅದು, ಉಳಿಯಬೇಕು. ಆದರೆ ಅದರ ಹಾಲಿನಲ್ಲೂ ಲ್ಯಾಕ್ಟೋಸ್ ಇದ್ದೇ ಇದೆ, ಅಲರ್ಜಿ ತರುವ ಪ್ರೋಟೀನುಗಳೂ ಇವೆ. ಎ2 ಎಂಬ ಹೆಸರಿನಲ್ಲಿ ಬರುವ ಹಾಲಿಗೂ ಇದೇ ಮಾತು. ಕೇಸಿನ್‌ನ ಒಂದು ಬಗೆಯಲ್ಲಿ ಸಣ್ಣ ವ್ಯತ್ಯಾಸವಷ್ಟೇ, ಅಲರ್ಜಿ ಇರುವ ಮಗುವಿಗೆ ಅದು ರಕ್ಷಣೆ ಕೊಡುವುದಿಲ್ಲ. ಅಂದ ಹಾಗೆ, ಗಿಡ್ಡ ದನ ದಿನಕ್ಕೆ ಕೊಡುವ ಹಾಲು ಒಂದೆರಡು ಲೀಟರಿನ ಆಸುಪಾಸು. ಅದರಲ್ಲಿ ಕರುವಿನ ಪಾಲೂ ಇದೆ. ನಮ್ಮ ಪಾಯಸ, ರಸಾಯನಗಳೆಲ್ಲ ಕಾಯಿಹಾಲನ್ನೇ ನಂಬಿಕೊಂಡಿರುವುದು ಇಂಥ ನೆಲದ ಅಡುಗೆಗೆ ಸಹಜವೇ ಆಗಿದೆ.

ಇನ್ನು ಕಾಯಿಹಾಲಿಗೇ ಬರೋಣ. 1916ರಲ್ಲಿ ಆಗಿನ ಮದರಾಸು ಸರಕಾರ ತೆಂಗಿನ ಸಂಶೋಧನಾ ಕೇಂದ್ರ ತೆರೆದದ್ದು ನಮ್ಮ ಈ ಊರಿನಲ್ಲಿ. ಈಗ ಅದು ಕೂಡ್ಲಿನಲ್ಲಿರುವ ಸಿಪಿಸಿಆರ್‌ಐ, ಅಂದರೆ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ. ಇಷ್ಟು ತೆಂಗಿರುವ ಊರಿನಲ್ಲಿ ಕಾಯಿಹಾಲು ತೆಗೆಯುವುದನ್ನು ಹೇಳಿಕೊಡಬೇಕೇ ಎಂದು ನಿಮಗೆ ಅನಿಸಬಹುದು. ಆದರೂ "ಕಾಯಿಹಾಲು ಒಡೆಯಿತು" ಎಂಬ ದೂರು ನಿಂತಿಲ್ಲ, ಆದ್ದರಿಂದ ಬುಡದಿಂದಲೇ ಹೇಳುತ್ತೇನೆ.

ಕಾಯಿ ಚೆನ್ನಾಗಿ ಬಲಿತಿರಬೇಕು, 11-12 ತಿಂಗಳದ್ದು. ಅಲುಗಾಡಿಸಿದರೆ ನೀರು ಕುಲುಕುವ ಸದ್ದು ಕೇಳಬೇಕು. ಊರಿನ ಎತ್ತರದ ತಳಿಯ ಕಾಯಿಯಲ್ಲಿ ಎಣ್ಣೆಯ ಅಂಶ ಹೆಚ್ಚು, ಹಾಲು ದಪ್ಪ ಬರುತ್ತದೆ. ಗೆಂದಾಳಿ ತಳಿಯದ್ದು ಬೊಂಡಕ್ಕೆ (ಎಳನೀರಿಗೆ) ಸರಿ, ಹಾಲಿಗೆ ಅಲ್ಲ. ನೀರು ಪೂರ್ತಿ ಬತ್ತಿ ಕೊಬ್ಬರಿಯಾಗುತ್ತ ಬಂದ ಕಾಯಿಯೂ ಬೇಡ. ಅದರಲ್ಲಿ ಎಣ್ಣೆ ಬೇರೆಯಾಗಿಯೇ ಮೇಲೆ ಬರುತ್ತದೆ. ತುರಿಯುವಾಗ ಕರಟದ ಹತ್ತಿರದ ಕಂದು ಸಿಪ್ಪೆ ಬಾರದ ಹಾಗೆ ನೋಡಿಕೊಳ್ಳಿ, ಅದು ಬಂದರೆ ಹಾಲಿನ ಬಣ್ಣ ಮಂಕಾಗಿ ರುಚಿಯಲ್ಲಿ ಸಣ್ಣ ಒಗರು ಸೇರುತ್ತದೆ.

ಒಂದು ದೊಡ್ಡ ಕಾಯಿಯಿಂದ ಸುಮಾರು 3 ಕಪ್ ತುರಿ ಸಿಗುತ್ತದೆ. ಅದಕ್ಕೆ ಅರ್ಧ ಕಪ್ ಬಿಸಿನೀರು ಹಾಕಿ, ಕೈ ಮುಳುಗಿಸಿದರೆ ತಡೆಯುವಷ್ಟೇ ಬಿಸಿ. ತೆಂಗಿನೆಣ್ಣೆ 24 ಡಿಗ್ರಿಯ ಕೆಳಗೆ ಹೆಪ್ಪುಗಟ್ಟುತ್ತದೆ ಎಂಬುದು ನಿಮಗೆ ಗೊತ್ತು, ಡಿಸೆಂಬರದ ಬೆಳಿಗ್ಗೆ ಬಾಟ್ಲಿಯಲ್ಲಿ ನೋಡಿದ್ದೀರಿ. ಫ್ರಿಜ್ಜಿನ ನೀರು ಹಾಕಿ ಕಡೆದರೆ ಆ ಕೊಬ್ಬು ತುರಿಯಲ್ಲೇ ಉಳಿಯುತ್ತದೆ. ಕುದಿಯುವ ನೀರು ಹಾಕಿದರೆ ಕಾಯಿಯ ಪ್ರೋಟೀನು ಅಲ್ಲೇ ಬೆಂದು ಹಾಲು ಸರಿಯಾಗಿ ಬಿಡುವುದಿಲ್ಲ. ಮಿಕ್ಸಿಯಲ್ಲಿ ನಿಲ್ಲಿಸಿ ನಿಲ್ಲಿಸಿ ಅರ್ಧ ನಿಮಿಷ ತಿರುಗಿಸಿ, ಚಟ್ನಿಯ ಹಾಗೆ ನುಣ್ಣಗಾಗುವುದು ಬೇಡ. ಒದ್ದೆ ಮಾಡಿ ಹಿಂಡಿದ ತೆಳು ಪಂಚೆ ಬಟ್ಟೆಯಲ್ಲಿ ಸೋಸಿ ಹಿಂಡಿದರೆ ಮುಕ್ಕಾಲರಿಂದ ಒಂದು ಕಪ್ ಗಟ್ಟಿ ಹಾಲು. ಆ ಬಟ್ಟೆಯನ್ನು ಸಾಬೂನು ಹಾಕಿ ಒಗೆಯುವ ಬಟ್ಟೆಗಳ ಜೊತೆ ಸೇರಿಸಬೇಡಿ, ವಾಸನೆ ಹಾಲಿಗೆ ಅಂಟುತ್ತದೆ. ಅದೇ ತುರಿಗೆ ಒಂದೂವರೆ ಕಪ್ ನೀರು ಹಾಕಿದರೆ ಎರಡನೇ ಹಾಲು, ಮತ್ತೆ 2 ಕಪ್ ಹಾಕಿದರೆ ಮೂರನೆಯದು. ಮೂರನ್ನೂ ಬೇರೆ ಬೇರೆ ಪಾತ್ರೆಯಲ್ಲಿ ಇಡಿ. ಅಡುಗೆಯ ಗುಟ್ಟೆಲ್ಲ ಈ ವಿಂಗಡಣೆಯಲ್ಲೇ ಇದೆ.

ಯಾಕೆ ಎಂದರೆ, ಕಾಯಿಹಾಲಿನಲ್ಲಿ ಕೊಬ್ಬಿನ ಹನಿಗಳನ್ನು ನೀರಿನಲ್ಲಿ ಹಿಡಿದಿಟ್ಟಿರುವುದು ಸ್ವಲ್ಪವೇ ಸ್ವಲ್ಪ ಪ್ರೋಟೀನು. 80 ಡಿಗ್ರಿ ದಾಟುತ್ತಿದ್ದ ಹಾಗೆ ಆ ಪ್ರೋಟೀನು ಹೆಪ್ಪಾಗಿ ಹಿಡಿತ ಬಿಡುತ್ತದೆ, ಕೊಬ್ಬು ಕೂಡಿಕೊಂಡು ಮೇಲೆ ತೇಲುತ್ತದೆ. ಒಡೆಯುವುದು ಎಂದರೆ ಇದು. ಹೆಸರುಬೇಳೆ ಪಾಯಸ ಮಾಡುವಾಗ ಹುರಿದ ಬೇಳೆ 1 ಕಪ್ ತೆಗೆದುಕೊಂಡು ಮೂರನೇ ಹಾಲಿನಲ್ಲಿ ಮೆತ್ತಗೆ ಬೇಯಿಸಿ. ಅದು ಬೆಂದ ಮೇಲೆಯೇ ಒಂದೂವರೆ ಕಪ್ ಬೆಲ್ಲ. ಮೊದಲೇ ಬೆಲ್ಲ ಬಿದ್ದರೆ ಬೇಳೆ ಎಷ್ಟು ಹೊತ್ತಾದರೂ ಮೆತ್ತಗಾಗದು. ಬೆಲ್ಲ ಕರಗಿ ಒಂದು ಕುದಿ ಬಂದ ಮೇಲೆ ಎರಡನೇ ಹಾಲು ಹಾಕಿ ಸಣ್ಣ ಉರಿಯಲ್ಲಿ ಹದಕ್ಕೆ ತನ್ನಿ. ಗಟ್ಟಿ ಹಾಲು ಹಾಕುವುದು ಬೆಂಕಿ ಆರಿಸಿ ಐದು ನಿಮಿಷ ಕಳೆದ ಮೇಲೆ, ಏಲಕ್ಕಿಯ ಜೊತೆ. ಮತ್ತೆ ಬಿಸಿ ಮಾಡಬೇಕಾಗಿ ಬಂದರೆ ಕುದಿಸಬೇಡಿ, ಅಂಚಿನಲ್ಲಿ ಸಣ್ಣ ಗುಳ್ಳೆ ಕಾಣುವಾಗಲೇ ಇಳಿಸಿ.

ಹಾಲನ್ನು ಬೆಂಕಿಯ ಮೇಲಿಟ್ಟು ಕುದಿಸಲೇಬೇಕಾದ ಅಡುಗೆಗೆ ನಮ್ಮಲ್ಲೇ ಉಪಾಯವಿದೆ: ಕೂವೆ ಹುಡಿ (ಆರಾರೂಟ್). ಎರಡು ಕಪ್ ಕಾಯಿಹಾಲಿಗೆ 1 ಸಣ್ಣ ಚಮಚ ಕೂವೆ ಹುಡಿಯನ್ನು ತಣ್ಣೀರಿನಲ್ಲಿ ಕದಡಿ, ಹಾಲು ಬೆಚ್ಚಗಾಗುವ ಮೊದಲೇ ಸೇರಿಸಿ, ಒಂದೇ ದಿಕ್ಕಿನಲ್ಲಿ ನಿಧಾನ ತೊಳಸುತ್ತಿರಿ. ಪಿಷ್ಟ ದಪ್ಪವಾಗುತ್ತ ಕೊಬ್ಬಿನ ಹನಿಗಳು ಕೂಡಿಕೊಳ್ಳದ ಹಾಗೆ ತಡೆಯುತ್ತದೆ. ಕೂವೆ ಇಲ್ಲದಿದ್ದರೆ ಅಕ್ಕಿ ಹಿಟ್ಟು. ಒಡೆದೇ ಹೋದರೆ ಚೆಲ್ಲಬೇಡಿ, ತಣಿದ ಮೇಲೆ ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿದರೆ ಬಡಿಸುವಷ್ಟು ಹೊತ್ತಿಗೆ ಕೂಡಿಕೊಳ್ಳುತ್ತದೆ. ಬಾಳೆಹಣ್ಣಿನ ರಸಾಯನಕ್ಕೆ ಈ ಯಾವ ಗೋಜೂ ಇಲ್ಲ, ಬೆಂಕಿಯೇ ಇಲ್ಲವಲ್ಲ. ಗಟ್ಟಿ ಹಾಲು, ಬೆಲ್ಲ, ಎಳ್ಳು, ಆಯಿತು.

ಹುಳಿಯ ವಿಷಯದಲ್ಲೂ ಹೀಗೆಯೇ. ಬಿಸಿ ಕಾಯಿಹಾಲಿಗೆ ಲಿಂಬೆ ಹಿಂಡಿದರೆ ಅದು ಒಡೆದ ಹಾಗೆಯೇ. ಪುನರ್ಪುಳಿ ಸಾರಿಗೆ ಕಾಯಿಹಾಲು ಸೇರಿಸುವವರು ಸಿಪ್ಪೆಯನ್ನು ತಣ್ಣೀರಿನಲ್ಲಿ ನೆನೆಹಾಕಿ, ಕಿವುಚಿ, ಸೋಸಿ, ಆ ನೀರನ್ನು ಹಾಲಿಗೆ ಬೆರೆಸಲಿ. ಒಗ್ಗರಣೆಯನ್ನೂ ತಣಿಸಿ ಹಾಕಲಿ.

ಈಗ ಕಾಪಿ, ಚಾಯ. ಈ ಮೇಜಿನ ಮೇಲಿನ ಎರಡು ಲೋಟ ನೋಡಿ. ಎರಡರಲ್ಲೂ ಒಂದೇ ಡಿಕಾಕ್ಷನ್, ಒಂದೇ ಸೋಯಾ ಹಾಲು. ಎಡಗಡೆಯದ್ದರಲ್ಲಿ ಬಿಸಿ ಡಿಕಾಕ್ಷನ್‌ಗೆ ಫ್ರಿಜ್ಜಿನಿಂದ ತೆಗೆದ ತಣ್ಣನೆಯ ಸೋಯಾ ಹಾಲನ್ನು ಸುರಿದದ್ದು. ಗಾಜಿನ ಒಳಬದಿಗೆ ಹತ್ತಿಕೊಂಡ ಬಿಳಿ ಕಣಗಳು ಹಿಂದಿನ ಸಾಲಿನವರಿಗೂ ಕಾಣುತ್ತಿರಬಹುದು, ಬುಡದಲ್ಲಿ ಮೊಸರಿನ ಚೂರುಗಳ ಹಾಗೆ ಒಟ್ಟಾಗಿದೆ. ಬಲಗಡೆಯದ್ದರಲ್ಲಿ ಹಾಲನ್ನು ಮೊದಲು ಬಿಸಿ ಮಾಡಿ, ಡಿಕಾಕ್ಷನ್ ಒಂದು ನಿಮಿಷ ಆರಿದ ಮೇಲೆ ಅದನ್ನು ಹಾಲಿಗೆ ಸಣ್ಣ ಧಾರೆಯಾಗಿ ಬಿಟ್ಟದ್ದು. ಇದು ಕೆನೆಬಣ್ಣಕ್ಕೆ ಬಂದು ನಿಂತಿದೆ. ಕಾಪಿಯ ಹುಳಿಯೂ ಬಿಸಿಯೂ ಒಟ್ಟಿಗೆ ಬಡಿದರೆ ಸೋಯಾ ಪ್ರೋಟೀನು ಹೆಪ್ಪಾಗುತ್ತದೆ. ಡಿಕಾಕ್ಷನ್‌ಗೆ ಹಾಲು ಸುರಿದಾಗ ಮೊದಲು ಬಿದ್ದ ಹನಿಗಳಿಗೆ ಪೂರ್ತಿ ಹುಳಿ ತಾಗುತ್ತದೆ. ಹಾಲಿಗೆ ಡಿಕಾಕ್ಷನ್ ಬಿಟ್ಟರೆ ಹುಳಿ ಸ್ವಲ್ಪ ಸ್ವಲ್ಪವೇ ಸೇರುವುದರಿಂದ ಹಾಲು ತಡೆದುಕೊಳ್ಳುತ್ತದೆ. ಹೆಚ್ಚು ಹುರಿದ ಬೀಜದ ಪುಡಿಯಲ್ಲಿ ಹುಳಿ ಕಡಿಮೆ, ಅದನ್ನು ಆರಿಸಿಕೊಂಡರೆ ಇನ್ನೂ ಒಳ್ಳೆಯದು. ಅಂಗಡಿಯಲ್ಲಿ ಕಾಪಿಗೆಂದೇ ಸಿಗುವ ಪೆಟ್ಟಿಗೆಗಳಲ್ಲಿ ಹುಳಿ ತಡೆಯಲು ಫಾಸ್ಫೇಟ್ ಲವಣ, ನೊರೆಗೆ ಸ್ವಲ್ಪ ಎಣ್ಣೆ ಸೇರಿಸಿರುತ್ತಾರೆ. ಅದಕ್ಕೇ ಅವು ಒಡೆಯುವುದು ಕಡಿಮೆ. ಮೂತ್ರಪಿಂಡದ ಕಾಯಿಲೆ ಇರುವವರು ಆ ಲವಣಗಳ ಬಗ್ಗೆ ವೈದ್ಯರಲ್ಲಿ ಕೇಳಿಯೇ ಕುಡಿಯಬೇಕು.

ಮನೆಯ ಕಾಪಿಗೆ ಗೇರುಬೀಜದ ಹಾಲಿನಷ್ಟು ಹೊಂದುವುದು ಇನ್ನೊಂದಿಲ್ಲ. ಇಡೀ ಬೀಜ ಬೇಕಾಗಿಲ್ಲ, ತುಂಡು ಬೀಜ ಸಾಕು, ಕ್ರಯವೂ ಕಡಿಮೆ. ಅರ್ಧ ಕಪ್, ಅಂದರೆ 65-70 ಗ್ರಾಂ ಬೀಜವನ್ನು 3 ಗಂಟೆ ನೆನೆಹಾಕಿ, ಆ ನೀರು ಚೆಲ್ಲಿ, ಮೊದಲು ಕಾಲು ಕಪ್ ನೀರಿನಲ್ಲಿ ಬೆಣ್ಣೆಯಂತೆ ಕಡೆದು, ಮತ್ತೆ ಎರಡು ಕಪ್ ಆಗುವವರೆಗೆ ನೀರು ಸೇರಿಸಿ. ಒಮ್ಮೆಗೇ ಎಲ್ಲ ನೀರು ಹಾಕಿದರೆ ಬೀಜ ಸಿಡಿದು ತರಿ ಉಳಿಯುತ್ತದೆ. ನುಣ್ಣಗೆ ಕಡೆದರೆ ಸೋಸುವುದೇ ಬೇಡ. ಒಂದು ಎಚ್ಚರಿಕೆ: ಗೇರುಬೀಜದಲ್ಲಿ ಪಿಷ್ಟವಿದೆ, ಕುದಿಸಿದರೆ ಗಂಜಿಯ ಹಾಗೆ ದಪ್ಪವಾಗುತ್ತದೆ. ಕಾಪಿಗಾದರೆ ಬಿಸಿ ಮಾಡಿದರೆ ಸಾಕು, ಕುದಿಯಬಾರದು. ಶ್ಯಾವಿಗೆ ಪಾಯಸಕ್ಕಾದರೆ ಅದೇ ಗುಣ ವರವಾಗುತ್ತದೆ. ದನದ ಹಾಲನ್ನು ಗಂಟೆಗಟ್ಟಲೆ ಕುದಿಸಿ ಬತ್ತಿಸಿ ಬರುವ ಹದ ಇಲ್ಲಿ ಐದು ನಿಮಿಷದಲ್ಲಿ ಬರುತ್ತದೆ. ಅರ್ಧ ಗೇರುಬೀಜದ ಹಾಲು, ಅರ್ಧ ಎರಡನೇ ಕಾಯಿಹಾಲು ಬೆರೆಸಿ ಮಾಡಿದ ಶ್ಯಾವಿಗೆ ಪಾಯಸಕ್ಕೆ ದನದ ಹಾಲಿನದ್ದನ್ನು ಹೋಲಿಸಿ ನೋಡುವ ಅಗತ್ಯವೇ ಇಲ್ಲ, ಅದಕ್ಕೆ ಅದರದ್ದೇ ರುಚಿಯಿದೆ.

ಚಾಯಕ್ಕೆ ಬೇರೆ ಲೆಕ್ಕ. ದನದ ಹಾಲಿನ ಕೇಸಿನ್ ಚಾಯಪುಡಿಯ ಒಗರನ್ನು ಹಿಡಿದುಕೊಳ್ಳುತ್ತದೆ. ಪ್ರೋಟೀನು ಕಡಿಮೆ ಇರುವ ಹಾಲುಗಳು ಹಾಗೆ ಮಾಡುವುದಿಲ್ಲ, ಅದರಿಂದ ಅದೇ ಪುಡಿ, ಅದೇ ಕುದಿ ಇದ್ದರೂ ಚಾಯ ಒಗರಾಗುತ್ತದೆ. ಪುಡಿ ಸ್ವಲ್ಪ ಕಡಿಮೆ ಮಾಡಿ, ಎರಡೇ ನಿಮಿಷ ಕುದಿಸಿ, ಸೋಸಿದ ಮೇಲೆ ಬಿಸಿ ಹಾಲು ಸೇರಿಸಿ. ಶುಂಠಿ ಹಾಕುವವರು ಅದನ್ನು ನೀರಿನಲ್ಲೇ ಮೂರ್ನಾಲ್ಕು ನಿಮಿಷ ಕುದಿಸಬೇಕು. ಹಸಿ ಶುಂಠಿಯಲ್ಲಿ ಪ್ರೋಟೀನನ್ನು ಕತ್ತರಿಸುವ ಕಿಣ್ವ ಇದೆ, ಕುದಿದರೆ ಅದು ಸಾಯುತ್ತದೆ. ಕಾಯಿಹಾಲಿನ ಚಾಯ ಕೆಲವರಿಗೆ ಇಷ್ಟ, ಎರಡನೇ ಹಾಲಿನಲ್ಲಿ ಮಾಡಬಹುದು. ಮೇಲೆ ಎಣ್ಣೆಯ ಪಸೆ ತೇಲುವುದು ಮಾತ್ರ ತಪ್ಪುವುದಿಲ್ಲ.

ಒಂದು ಮಾತು ಇಲ್ಲಿ ಸೇರಿಸಲೇಬೇಕು. ಎಲ್ಲ ಕಡೆಯೂ ಬದಲಿ ಬೇಕು ಎಂಬ ಹಟ ಬೇಡ. ಕಣ್ಣ ಚಾಯಕ್ಕೆ (ಹಾಲು ಹಾಕದ ಚಾಯಕ್ಕೆ) ಲಿಂಬೆ ಹಿಂಡಿ ಕುಡಿಯುವ ರೂಢಿ ಈ ಊರಿನ ಪ್ರತಿ ಚಾಯದಂಗಡಿಯಲ್ಲೂ ಇದೆ. ಕೊತ್ತಂಬರಿ, ಜೀರಿಗೆ, ಮೆಂತೆ ಹುರಿದು ಮಾಡಿದ ಕಷಾಯಕ್ಕೆ ಬೆಲ್ಲ ಮಾತ್ರ ಹಾಕಿದರೂ ನಡೆಯುತ್ತದೆ. ಹಾಲು ತೆಗೆದರೆ ಏನೂ ಕೆಡದ ಕಡೆ ಸುಮ್ಮನೆ ತೆಗೆದುಬಿಡಿ.

ಸೋಯಾ ಹಾಲಿಗೆ ಹಿಂದಿರುಗುತ್ತೇನೆ. ಇವತ್ತು ಹೇಳುತ್ತಿರುವ ಹಾಲುಗಳಲ್ಲಿ ಪ್ರೋಟೀನಿನ ಲೆಕ್ಕದಲ್ಲಿ ದನದ ಹಾಲಿಗೆ ಹೆಚ್ಚು ಹತ್ತಿರ ನಿಲ್ಲುವುದು ಇದು, 100 ಮಿಲಿಲೀಟರಿಗೆ 3ರಿಂದ 3.5 ಗ್ರಾಂ. ಮನೆಯಲ್ಲಿ ಮಾಡಿ ಬಿಟ್ಟವರ ದೂರು ಒಂದೇ: ಹಸಿಕಾಳಿನ ವಾಸನೆ. ಅದು ಕಾಳಿನೊಳಗೆ ಮೊದಲೇ ಇರುವುದಲ್ಲ, ಅರೆಯುವಾಗ ಹುಟ್ಟುವುದು. ಕಾಳು ಒಡೆದ ಕ್ಷಣ ಲಿಪಾಕ್ಸಿಜಿನೇಸ್ ಎಂಬ ಕಿಣ್ವಕ್ಕೆ ಎಣ್ಣೆಯೂ ಗಾಳಿಯೂ ಒಟ್ಟಿಗೆ ಸಿಗುತ್ತದೆ. ಅದನ್ನು ಅರೆಯುವ ಮೊದಲೇ ಬಿಸಿಯಿಂದ ಕೊಲ್ಲಬೇಕು. 100 ಗ್ರಾಂ ಸೋಯಾ ಕಾಳನ್ನು 8 ಗಂಟೆ ನೆನೆಹಾಕಿ. ನಮ್ಮ ಏಪ್ರಿಲ್ ಸೆಕೆಗೆ ನೀರು ಹುಳಿಯುತ್ತದೆ, ನಡುವೆ ಒಮ್ಮೆ ಬದಲಿಸಿ. ಕಾಲು ಚಮಚ ಅಡುಗೆ ಸೋಡಾ ಹಾಕಿದ ಕುದಿಯುವ ನೀರಿಗೆ ಕಾಳು ಸುರಿದು 5 ನಿಮಿಷ ಬಿಡಿ, ಬಸಿಯಿರಿ, ತಿಕ್ಕಿ ಸಿಪ್ಪೆ ತೆಗೆಯಿರಿ. ಹೆಚ್ಚು ಹೊತ್ತು ಬೇಯಿಸಿದರೆ ಪ್ರೋಟೀನು ಕಾಳಿನಲ್ಲೇ ಗಟ್ಟಿಯಾಗಿ ಹಾಲು ನೀರುನೀರಾಗುತ್ತದೆ. ಮತ್ತೆ 800 ಮಿಲಿಲೀಟರ್ ಬಿಸಿನೀರಿನೊಂದಿಗೆ ಎರಡು ಕಂತಿನಲ್ಲಿ ಅರೆದು ಸೋಸಿ. ಮಿಕ್ಸಿಯ ಜಾರಿನ ಮುಚ್ಚಳ ಬಿಸಿ ಹಬೆಗೆ ಎಗರುತ್ತದೆ, ಅರ್ಧಕ್ಕಿಂತ ಹೆಚ್ಚು ತುಂಬಿಸಬೇಡಿ.

ಇಲ್ಲಿಂದ ಮುಂದೆ ಅವಸರ ಬೇಡ. ಈ ಹಾಲು 80 ಡಿಗ್ರಿಯ ಸುತ್ತ ನೊರೆಯೆದ್ದು ಉಕ್ಕುತ್ತದೆ. ಕುದಿಯಿತು ಎಂದು ಹಲವರು ಅಲ್ಲೇ ಇಳಿಸುತ್ತಾರೆ. ಅದು ಕುದಿಯಲ್ಲ. ಸೋಯಾದಲ್ಲಿ ಪ್ರೋಟೀನ್ ಜೀರ್ಣವಾಗದ ಹಾಗೆ ತಡೆಯುವ ಟ್ರಿಪ್ಸಿನ್ ಪ್ರತಿಬಂಧಕಗಳಿವೆ, ಅವು ಇಳಿಯಬೇಕಾದರೆ ನಿಜವಾಗಿ ಕುದಿಯಲು ಶುರುವಾದ ಮೇಲೆ 15 ನಿಮಿಷವಾದರೂ ಬೇಕು. ಅರೆಬೆಂದ ಸೋಯಾ ಹಾಲು ಕುಡಿದು ಹೊಟ್ಟೆನೋವು, ವಾಂತಿ ಆದರೆ ಕಾರಣ ಹೆಚ್ಚಾಗಿ ಇದೇ. ದೊಡ್ಡ ದಪ್ಪ ಬುಡದ ಪಾತ್ರೆ ಇಟ್ಟು ಬುಡ ತಾಗುವ ಹಾಗೆ ತೊಳಸುತ್ತಿರಿ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಮಾತ್ರೆಗೂ ಸೋಯಾಗೂ ನಡುವೆ 4 ಗಂಟೆ ಅಂತರ ಇಡಬೇಕು, ಇಲ್ಲದಿದ್ದರೆ ಮಾತ್ರೆ ಸರಿಯಾಗಿ ಮೈಗೆ ಹತ್ತುವುದಿಲ್ಲ.

ನೆಲಗಡಲೆಯ ಹಾಲಿನ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ, ಅದು ಅನ್ಯಾಯ. ಅಗ್ಗವೂ ಹೌದು, ಪ್ರೋಟೀನೂ ತಕ್ಕಮಟ್ಟಿಗೆ ಇದೆ. 1 ಕಪ್ ಹಸಿ ನೆಲಗಡಲೆ 8 ಗಂಟೆ ನೆನೆದ ಮೇಲೆ ಕೆಂಪು ಸಿಪ್ಪೆ ತೆಗೆದು, 4 ಕಪ್ ನೀರಿನಲ್ಲಿ ಅರೆದು, ಸೋಸಿ, 10 ನಿಮಿಷ ಕುದಿಸಿ. ಕಾಳು ಆರಿಸುವಾಗ ಸುಕ್ಕಾದದ್ದು, ಕಪ್ಪಾದದ್ದು, ಕಹಿ ವಾಸನೆ ಬರುವುದು ಒಂದೂ ಸೇರಬಾರದು. ಬೂಷ್ಟು ಹಿಡಿದ ಕಡಲೆಯಲ್ಲಿರುವ ಅಫ್ಲಟಾಕ್ಸಿನ್ ಯಕೃತ್ತಿಗೆ ವಿಷ, ಕುದಿಸಿದರೆ ಹೋಗುವುದಿಲ್ಲ. ನಮ್ಮ ಮಳೆಗಾಲದಲ್ಲಿ ಕಡಲೆಯನ್ನು ಡಬ್ಬಿಯಲ್ಲಿ ತಿಂಗಳುಗಟ್ಟಲೆ ಇಡಬೇಡಿ, ಆಗಾಗ ಸ್ವಲ್ಪವೇ ತನ್ನಿ.

ಈ ನೆಲಗಡಲೆ ಹಾಲಿನ ದೊಡ್ಡ ಗುಣ ಮೊಸರಾಗುವುದು. ಕಾಯಿಹಾಲಿಗೆ ಹೆಪ್ಪು ಹಾಕಿದರೆ ಹುಳಿ ಬರುತ್ತದೆಯೇ ಹೊರತು ಗಡ್ಡೆ ಕಟ್ಟುವುದಿಲ್ಲ, ನೀರೇ ಬೇರೆ, ಕೆನೆಯೇ ಬೇರೆ. ಕಡಲೆ ಹಾಲಿನಲ್ಲಿ, ಸೋಯಾ ಹಾಲಿನಲ್ಲಿ ಗಡ್ಡೆ ಕಟ್ಟುವಷ್ಟು ಪ್ರೋಟೀನಿದೆ. ಕುದಿಸಿದ ಹಾಲು ಬೆಚ್ಚಗೆ, 40 ಡಿಗ್ರಿಯ ಸುತ್ತ, ಇರುವಾಗ ಒಂದು ಚಮಚ ಸಕ್ಕರೆ ಕರಗಿಸಿ. ಲ್ಯಾಕ್ಟೋಸ್ ಇಲ್ಲದ ಹಾಲಿನಲ್ಲಿ ಬ್ಯಾಕ್ಟೀರಿಯಾಕ್ಕೆ ಅದು ಆಹಾರ. ಲ್ಯಾಕ್ಟೋಸ್ ತೊಂದರೆ ಮಾತ್ರ ಇರುವವರು ಮಾಮೂಲಿ ಮೊಸರನ್ನೇ ಹೆಪ್ಪಿಗೆ ಹಾಕಬಹುದು. ಅಲರ್ಜಿ ಇರುವವರಿಗೆ ಅದು ಕೂಡದು, ಅವರು ಹಸಿಮೆಣಸಿನ ತೊಟ್ಟು 8-10 ಹಾಕಿ ಮುಚ್ಚಿಡಲಿ. ತೊಟ್ಟಿನಲ್ಲಿ ಹಾಲನ್ನು ಹುಳಿ ಮಾಡುವ ಬ್ಯಾಕ್ಟೀರಿಯಾ ಇರುತ್ತವೆ. ಮೊದಲ ಸಲದ ಮೊಸರಿಗೆ ವಾಸನೆ ಇರುತ್ತದೆ, ಅದನ್ನು ಹೆಪ್ಪಾಗಿ ಮಾತ್ರ ಬಳಸಿ, ಎರಡನೆಯದು ಸರಿಯಾಗುತ್ತದೆ. ಬೇಸಗೆಯಲ್ಲಿ ಆರು ಗಂಟೆ ಕಳೆದ ಕೂಡಲೇ ನೋಡಿ, ಮಳೆಗಾಲದಲ್ಲಿ ರಾತ್ರಿಯಿಡೀ ಬೇಕಾದೀತು. ಲೋಳೆಯಾಗಿದ್ದರೆ, ಮೇಲೆ ಕೆಂಪು, ಹಸಿರು ಬಣ್ಣ ಕಂಡರೆ ಪೂರ್ತಿ ಚೆಲ್ಲಿ.

ಇಷ್ಟೆಲ್ಲ ಯಾಕೆ, ತಂಬುಳಿಗೆ ಮೊಸರೇ ಬೇಕೇ ಎಂದು ಅಲ್ಲಿ ಕುಳಿತ ಅಕ್ಕ ಕೇಳುತ್ತಿದ್ದಾರೆ. ಬೇಡ ಅಕ್ಕ. ತಂಬುಳಿಯಲ್ಲಿ ಮಜ್ಜಿಗೆ ಮಾಡುವ ಕೆಲಸ ಹುಳಿ ಕೊಡುವುದು, ತೆಳ್ಳಗೆ ಮಾಡುವುದು. ಅರ್ಧ ಕಪ್ ಕಾಯಿತುರಿಯ ಜೊತೆ ಎರಡು ಬೀಂಬುಳಿಯನ್ನೋ ಮಾವಿನಕಾಯಿಯ ಹೋಳನ್ನೋ ಇಟ್ಟು ಅರೆದು ನೀರು ಬಿಟ್ಟರೆ ಅದು ತಂಬುಳಿಯೇ. ಮೇಲಾರಕ್ಕಾದರೆ ಹುಳಿ ಮಜ್ಜಿಗೆಯ ಬದಲು ಕಡಲೆ ಮೊಸರನ್ನು ಕಡೆದು ಹಾಕುವುದು ಒಳ್ಳೆಯದು, ಒಲೆಯಿಂದ ಇಳಿಸಿದ ಮೇಲೆ.

ಬಾದಾಮಿ, ಓಟ್ಸ್ ಬಗ್ಗೆ ಎರಡು ಮಾತು. ಬಾದಾಮಿ ಹಾಲಿನ ಪೆಟ್ಟಿಗೆಗಳಲ್ಲಿ ಹೆಚ್ಚಿನವು 100 ಮಿಲಿಲೀಟರಿಗೆ ಒಂದು ಗ್ರಾಂ ಪ್ರೋಟೀನನ್ನೂ ಮುಟ್ಟುವುದಿಲ್ಲ. ಕೊಡುವ ದುಡ್ಡಿಗೆ ನೀರೇ ಹೆಚ್ಚು. ಗೇರುಬೀಜ ಬೆಳೆಯುವ ಊರಿನಲ್ಲಿ ಅದರ ಹಿಂದೆ ಹೋಗಲು ಕಾರಣ ಕಾಣುವುದಿಲ್ಲ. ಓಟ್ಸ್ ಹಾಲನ್ನು ಮನೆಯಲ್ಲಿ ಮಾಡುವವರು 1 ಕಪ್‌ಗೆ 4 ಕಪ್ ತಣ್ಣೀರು ಹಾಕಿ 30 ಸೆಕೆಂಡ್ ಮಾತ್ರ ತಿರುಗಿಸಲಿ, ಬಟ್ಟೆಯನ್ನು ಹಿಂಡದೆ ತಾನಾಗಿ ಇಳಿಯಲು ಬಿಡಲಿ. ಹಿಂಡಿದರೆ ಲೋಳೆ, ಕುದಿಸಿದರೆ ಗಂಜಿ. ಅಂಗಡಿಯದ್ದು ಹಾಗಾಗದಿರುವುದು ಕಿಣ್ವ ಹಾಕಿ ಪಿಷ್ಟವನ್ನು ಒಡೆದಿರುವುದರಿಂದ. ಆಗ ಅದರಲ್ಲಿ ಸಕ್ಕರೆ ಹುಟ್ಟುತ್ತದೆ, ಸಕ್ಕರೆ ಕಾಯಿಲೆಯವರು ನೆನಪಿಡಬೇಕು.

ಇನ್ನು ಪೋಷಣೆ. ಈ ಭಾಗವನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಒಂದು ವರ್ಷದೊಳಗಿನ ಮಗುವಿಗೆ ಕಾಯಿಹಾಲು, ಬಾದಾಮಿ ಹಾಲು, ಅಕ್ಕಿ ಹಾಲು ಇವು ಯಾವುದೂ ಎದೆಹಾಲಿನ ಅಥವಾ ವೈದ್ಯರು ಹೇಳಿದ ಶಿಶು ಆಹಾರದ ಜಾಗಕ್ಕೆ ಬರಬಾರದು. ಹಾಗೆ ಕೊಟ್ಟ ಮಕ್ಕಳಲ್ಲಿ ಪ್ರೋಟೀನ್ ಕೊರತೆಯಿಂದ ಮೈ ಊದಿಕೊಂಡ ಪ್ರಕರಣಗಳು ವೈದ್ಯಕೀಯದಲ್ಲಿ ದಾಖಲಾಗಿವೆ. ಆರು ತಿಂಗಳ ಮೇಲೆ ನಾವು ಕೊಡುವ ರಾಗಿ ಮಣ್ಣಿ (ಅರೆದು ಸೋಸಿದ ರಾಗಿಯ ಗಂಜಿ) ಎದೆಹಾಲಿನ ಜೊತೆಗಿನ ಆಹಾರ, ಹಾಲಿನ ಬದಲಿ ಅಲ್ಲ. ಕೇರಳದ ಮಹಿಳಾ ಸ್ವಸಹಾಯ ಜಾಲವಾದ ಕುಟುಂಬಶ್ರೀಯವರು ತಯಾರಿಸಿ ಅಂಗನವಾಡಿಯಲ್ಲಿ ಕೊಡುವ ಅಮೃತಂ ನ್ಯೂಟ್ರಿಮಿಕ್ಸ್‌ನಲ್ಲಿ ಗೋಧಿ, ಕಡಲೆ, ನೆಲಗಡಲೆ, ಸೋಯಾ, ಸಕ್ಕರೆ ಇವೆ. ಹಾಲು ಆಗದ ಮಗುವಿಗೆ ಅದನ್ನು ನೀರಿನಲ್ಲೇ ಕಾಯಿಸಿ ಕೊಡಬಹುದು, ನೆಲಗಡಲೆ ಅಥವಾ ಸೋಯಾ ಅಲರ್ಜಿ ಇದ್ದರೆ ಮಾತ್ರ ಬೇಡ.

ದೊಡ್ಡವರ ಲೆಕ್ಕ ನೋಡಿ. 200 ಮಿಲಿಲೀಟರ್ ದನದ ಹಾಲಿನಲ್ಲಿ ಸುಮಾರು 240 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ದಿನಕ್ಕೆ ಬೇಕಾದದ್ದು 1000. ಕಾಯಿಹಾಲಿನಿಂದ, ಮನೆಯ ಗೇರುಬೀಜದ ಹಾಲಿನಿಂದ ಅದು ಬರುವುದಿಲ್ಲ, ಬೇರೆ ಕಡೆಯಿಂದ ಬರಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಇದೆ. ಆದರೆ ಅದರ ಹೆಚ್ಚಿನ ಪಾಲು ಸಿಪ್ಪೆಯಲ್ಲಿ, ಮಣ್ಣಿ ಮಾಡಲು ಸೋಸಿದಾಗ ಬಟ್ಟೆಯಲ್ಲೇ ಉಳಿಯುತ್ತದೆ. ದೊಡ್ಡವರು ಮೊಳಕೆ ಬರಿಸಿ ಒಣಗಿಸಿದ ಇಡೀ ರಾಗಿಯ ಹುಡಿಯನ್ನೇ ಬಳಸಲಿ. ಎರಡು ದೊಡ್ಡ ಚಮಚ ಹುಡಿಯನ್ನು ಒಂದೂವರೆ ಕಪ್ ತಣ್ಣೀರಿನಲ್ಲಿ ಕದಡಿ, ಏಳೆಂಟು ನಿಮಿಷ ಸಣ್ಣ ಉರಿಯಲ್ಲಿ ತೊಳಸಿ, ಇಳಿಸಿ, ಬೆಲ್ಲ ಮತ್ತು ಕಾಲು ಕಪ್ ಎರಡನೇ ಕಾಯಿಹಾಲು ಸೇರಿಸಿದರೆ ಬೆಳಗಿನ ಲೋಟ ಸಿದ್ಧ. ಎಳ್ಳಿನಲ್ಲಿ ಕ್ಯಾಲ್ಸಿಯಂ 100 ಗ್ರಾಮಿಗೆ ಸಾವಿರ ಮಿಲಿಗ್ರಾಂ ದಾಟುತ್ತದಾದರೂ ಸಿಪ್ಪೆಯಲ್ಲಿರುವ ಆಕ್ಸಲೇಟ್ ಅದರಲ್ಲಿ ಬಹುಪಾಲನ್ನು ಮೈಗೆ ಹತ್ತದ ಹಾಗೆ ಹಿಡಿದಿಡುತ್ತದೆ. ಎಳ್ಳಿನ ಜ್ಯೂಸ್ ಕುಡಿಯಿರಿ, ಒಳ್ಳೆಯದೇ, ಆದರೆ ಅದೊಂದನ್ನೇ ನಂಬಬೇಡಿ. ನುಗ್ಗೆಸೊಪ್ಪು ಪಲ್ಯ ವಾರದಲ್ಲಿ ಎರಡು ಮೂರು ಸಲ ಬರಲಿ. ಮೀನು ತಿನ್ನುವ ಮನೆಗಳಲ್ಲಿ ಮುಳ್ಳು ಸಮೇತ ಜಗಿಯುವ ನೆತ್ತಲಿ ಇದೆ. ಬಿ12 ಮಾತ್ರ ಈ ಯಾವ ಗಿಡದ ಹಾಲಿನಲ್ಲೂ ಸಹಜವಾಗಿ ಇಲ್ಲ. ಮೀನು, ಮೊಟ್ಟೆ, ಮಾಂಸ ತಿನ್ನದೆ ಹಾಲು, ಮೊಸರನ್ನೂ ಬಿಟ್ಟವರು ಬಿ12 ಮಾತ್ರೆಯ ಬಗ್ಗೆ ವೈದ್ಯರಲ್ಲಿ ಮಾತಾಡಲೇಬೇಕು. ಕೊರತೆ ನಿಧಾನವಾಗಿ ಬಂದು ನರಗಳನ್ನು ಹಿಡಿಯುತ್ತದೆ.

ಪೆಟ್ಟಿಗೆಯಲ್ಲಿ ಬರುವುದನ್ನು ಕೊಳ್ಳುವವರು ಮುಂದಿನ ಚಿತ್ರ ಬಿಟ್ಟು ಹಿಂದಿನ ಕೋಷ್ಟಕ ಓದಿ. ಪ್ರೋಟೀನ್ 3 ಗ್ರಾಂ, ಕ್ಯಾಲ್ಸಿಯಂ 100-120 ಮಿಲಿಗ್ರಾಂ, ಡಿ ಮತ್ತು ಬಿ12 ಸೇರಿಸಿದ್ದು, ಸಕ್ಕರೆ ಸೇರಿಸದ್ದು: ಇವು 100 ಮಿಲಿಲೀಟರಿಗೆ ಎಷ್ಟೆಂದು ನೋಡಿ. ಕುಡಿಯುವ ಮೊದಲು ಪ್ರತಿಸಲ ಚೆನ್ನಾಗಿ ಕುಲುಕಿಸಿ. ಸೇರಿಸಿದ ಕ್ಯಾಲ್ಸಿಯಂ ಬುಡದಲ್ಲಿ ಕೂರುತ್ತದೆ, ಕುಲುಕದಿದ್ದರೆ ಕೊನೆಯ ಲೋಟದವರಿಗೆ ಮಾತ್ರ ಅದು ಸಿಗುತ್ತದೆ. ಕಾಯಿಹಾಲಿನ ಕೊಬ್ಬು ಬಹುಪಾಲು ಸ್ಯಾಚುರೇಟೆಡ್, ಹೃದ್ರೋಗ ಇರುವವರಿಗೆ ದಿನವೂ ಗಟ್ಟಿ ಹಾಲು ಬೇಡ. ಎರಡನೇ, ಮೂರನೇ ಹಾಲಿನಲ್ಲಿ ಅವರ ಅಡುಗೆ ನಡೆಯಲಿ.

ಕೊನೆಗೆ, ಇಡುವ ವಿಷಯ. ಕಾಯಿಹಾಲು ನಮ್ಮ ಸೆಕೆಯಲ್ಲಿ ಹೊರಗೆ ನಾಲ್ಕು ಗಂಟೆಯಲ್ಲೇ ಕೆಡಲು ಶುರುವಾಗುತ್ತದೆ, ಫ್ರಿಜ್ಜಿನಲ್ಲಿ ಎರಡು ದಿನ. ಮೇಲೆ ಗಟ್ಟಿ ಪದರ ಕಟ್ಟಿದರೆ ಕೆಟ್ಟಿತೆಂದಲ್ಲ, ಪಾತ್ರೆಯನ್ನು ಬಿಸಿನೀರಿನಲ್ಲಿಟ್ಟರೆ ಕರಗುತ್ತದೆ. ಹುಳಿ ವಾಸನೆ ಬಂದರೆ ಮಾತ್ರ ಚೆಲ್ಲಿ. ಐಸ್ ತಟ್ಟೆಯಲ್ಲಿ ಹೆಪ್ಪುಗಟ್ಟಿಸಿಟ್ಟದ್ದು ಕರಗಿದಾಗ ಒಡೆದಿರುತ್ತದೆ, ಪಾಯಸಕ್ಕೆ ಬಾರದು, ಗಸಿಗೆ ಆಗುತ್ತದೆ. ಸೋಯಾ, ಕಡಲೆ, ಗೇರುಬೀಜದ ಹಾಲನ್ನು ಫ್ರಿಜ್ಜಿನಲ್ಲಿಟ್ಟು ಎರಡು ಮೂರು ದಿನದೊಳಗೆ ಮುಗಿಸಿ. ಹಿಂಡಿ ಉಳಿದ ಕಾಯಿತುರಿಯನ್ನು ಬಿಸಿಲಿಗೆ ಹರಡಿ, ಚಟ್ನಿಪುಡಿಗೆ ಹುರಿದು ಸೇರಿಸಿ. ಸೋಯಾದ ಹಿಂಡಿಯನ್ನು ಚೆನ್ನಾಗಿ ಬೇಯಿಸಿ ರೊಟ್ಟಿ ಹಿಟ್ಟಿಗೆ ಕಾಲು ಭಾಗದಷ್ಟು ನಾದಿ. ನೆಲಗಡಲೆಯದ್ದಾದರೆ ಬೆಳ್ಳುಳ್ಳಿ, ಒಣಮೆಣಸು ಇಟ್ಟು ಹುರಿದರೆ ಆ ದಿನದ ಗಂಜಿಗೆ ಬೇರೆ ನಂಜಿಕೆ ಬೇಕಾಗಿಲ್ಲ.